ಆರ್‌ಎಕ್ಸ್ 100ಕ್ಕೆ ಜೆಟ್ ಹೊಂದಿಸಿದ ಅನುಭವ

ಮೊದಲು ನನ್ನ ಗಾಡಿಯ ಕಾರ್ಬ್ಯುರೇಟರಿಗೆ (ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸಿ ಎಂಜಿನ್ನಿಗೆ ಕೊಡುವ ಭಾಗಕ್ಕೆ) ಹೊಂದಿದ ಸಂಖ್ಯೆಗಳನ್ನೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಓದಲು ಕುಳಿತವರಲ್ಲಿ ಅರ್ಧ ಜನ ಅದಕ್ಕಾಗಿಯೇ ಬಂದಿರುತ್ತಾರೆ. ಮೇನ್ ಜೆಟ್ 125. ಪೈಲಟ್ ಜೆಟ್ 27.5. ನೀಡಲ್‌ನ (ಪೆಟ್ರೋಲ್ ಹರಿವನ್ನು ಹೊಂದಿಸುವ ಮೊನಚು ಸೂಜಿಯ) ಕ್ಲಿಪ್ ಮೇಲಿನಿಂದ ನಾಲ್ಕನೆಯ ಕಚ್ಚಿನಲ್ಲಿ. ಏರ್ ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿ ಅಲ್ಲಿಂದ ಒಂದೂವರೆ ಸುತ್ತು ಹೊರಗೆ. ಇದನ್ನು ಬರೆದುಕೊಂಡು ಹೋಗಿ ನಿಮ್ಮ ಗಾಡಿಗೆ ಹಾಕಿದರೆ ಅದು ಹೊಗೆ ಉಗುಳುತ್ತಾ ಮುಗ್ಗರಿಸಬಹುದು, ಇಲ್ಲವೇ ಹೆದ್ದಾರಿಯ ಮಧ್ಯೆ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ನಿಂತುಹೋಗಬಹುದು. ನನ್ನ ಗಾಡಿಗೆ ಇವು ಹೇಗೆ ಸರಿಹೋದವು ಎಂಬುದಷ್ಟೇ ನಿಮಗೆ ಉಪಯೋಗಕ್ಕೆ ಬರುವ ಸಂಗತಿ.

ಗಾಡಿ 1994ರ ಯಮಾಹಾ ಆರ್‌ಎಕ್ಸ್ 100. 98 ಸಿಸಿ, ಎರಡು ಸ್ಟ್ರೋಕಿನ ಎಂಜಿನ್, ಕಾರ್ಖಾನೆಯಿಂದ ಹೊರಬಂದಾಗ 11 ಅಶ್ವಶಕ್ತಿ. 1985ರಿಂದ 1996ರವರೆಗೆ ಮಾತ್ರ ತಯಾರಾದ ಈ ಗಾಡಿಗೆ ಈಗ ಕೇಳುವ ಬೆಲೆ ನೋಡಿದರೆ ನಗು ಬರುತ್ತದೆ, ಕೊಂಡವನೇ ನಾನಾದ್ದರಿಂದ ಜೋರಾಗಿ ನಗುವಂತಿಲ್ಲ. ಹಾಸನದಲ್ಲಿ ನನಗೆ ಸಿಗುವ ಹೊತ್ತಿಗೆ ಅದು ಮೂಲ ರೂಪದಲ್ಲಿ ಉಳಿದಿರಲಿಲ್ಲ. ಹಿಂದಿನ ಮಾಲೀಕರು ಸಿಲಿಂಡರಿನ ಪೋರ್ಟುಗಳನ್ನು (ಮಿಶ್ರಣ ಒಳಬರುವ, ಹೊಗೆ ಹೊರಹೋಗುವ ಕಿಂಡಿಗಳನ್ನು) ಕೊರೆಸಿ ಎತ್ತರಿಸಿದ್ದರು, ಏರ್ ಫಿಲ್ಟರ್ ಡಬ್ಬಿಯನ್ನು ಕಿತ್ತು ಫೋಮ್ ಫಿಲ್ಟರ್ ಸಿಕ್ಕಿಸಿದ್ದರು, ಹಳೆಯ ಸೈಲೆನ್ಸರ್ ಬದಲು ಎಕ್ಸ್‌ಪ್ಯಾನ್ಷನ್ ಚೇಂಬರ್, ಅಂದರೆ ಎಳೆತ ಹೆಚ್ಚಿಸುವ ಹೊಟ್ಟೆಯುಬ್ಬಿದ ಹೊಗೆಕೊಳವೆ, ಹಾಕಿಸಿದ್ದರು. ಕಾರ್ಬ್ಯುರೇಟರ್ ಮಾತ್ರ ಹಳೆಯದೇ. ಅದರ ಸ್ಲೈಡ್ (ಆಕ್ಸಿಲರೇಟರ್ ತಿರುಗಿಸಿದಂತೆ ಒಳಗೆ ಏರಿಳಿಯುವ ತುಂಡು) ಸವೆದು ಕಟಕಟ ಎನ್ನುತ್ತಿದ್ದುದರಿಂದ ನಾನು 22 ಮಿಲಿಮೀಟರಿನ ಮಿಕುನಿ ಕಂಪನಿಯ ವಿಎಂ ಮಾದರಿಯದನ್ನು ತಂದೆ. ಇಷ್ಟೆಲ್ಲ ಬದಲಾದ ಮೇಲೆ ಯಾವ ಕೈಪಿಡಿಯ ಸಂಖ್ಯೆಯೂ ಈ ಎಂಜಿನ್ನಿಗೆ ಸಂಬಂಧಪಡುವುದಿಲ್ಲ. ಕಾರ್ಖಾನೆಯವರು ಹೊಂದಿಸಿದ್ದು ತಮ್ಮ ಫಿಲ್ಟರ್ ಡಬ್ಬಿ, ತಮ್ಮ ಸೈಲೆನ್ಸರ್, ಆ ಕಾಲದ ಪೆಟ್ರೋಲಿಗೆ.

ಹೊಸಬರಿಗಾಗಿ ಎರಡು ಮಾತು. ಜೆಟ್ ಎಂದರೆ ನಡುವೆ ಸಣ್ಣ ರಂಧ್ರವಿರುವ ಹಿತ್ತಾಳೆಯ ತಿರುಪು. ಆ ರಂಧ್ರದಷ್ಟೇ ಪೆಟ್ರೋಲ್ ಎಂಜಿನ್ನಿಗೆ ಹೋಗುತ್ತದೆ. ಪೆಟ್ರೋಲ್ ಹೆಚ್ಚಾದರೆ ಮೆಕ್ಯಾನಿಕ್‌ಗಳು ರಿಚ್ ಎನ್ನುತ್ತಾರೆ, ಕಡಿಮೆಯಾದರೆ ಲೀನ್. ನಾಲ್ಕು ಸ್ಟ್ರೋಕಿನ ಗಾಡಿ ಲೀನ್ ಆದರೆ ಬಿಸಿಯಾಗಿ ಪಿಕಪ್ ಕಳೆದುಕೊಳ್ಳುತ್ತದೆ. ಎರಡು ಸ್ಟ್ರೋಕಿನದು ಒಂದು ಹಂತದವರೆಗೆ ಇನ್ನೂ ಚುರುಕಾಗಿ ಓಡುತ್ತದೆ, ಆಮೇಲೆ ಸೀಜ್ ಆಗುತ್ತದೆ, ಅಂದರೆ ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ಗಾಡಿ ಎಂದಿಗಿಂತ ಚೆನ್ನಾಗಿ ಎಳೆಯುತ್ತಿದೆ ಎನ್ನಿಸುವ ಹೊತ್ತೇ ಹೆದರಬೇಕಾದ ಹೊತ್ತು. ಈ ಒಂದು ಕಾರಣಕ್ಕೆ ಜೆಟ್ಟನ್ನು ಯಾವಾಗಲೂ ದೊಡ್ಡದರಿಂದ ಚಿಕ್ಕದಕ್ಕೆ ಇಳಿಸುತ್ತಾ ಬರಬೇಕು. ಚಿಕ್ಕದರಿಂದ ಏರಿಸುತ್ತಾ ಹೋಗುವವನು ಬೋರ್-ಪಿಸ್ಟನ್ ಅಂಗಡಿಗೆ ಗಿರಾಕಿಯಾಗುತ್ತಾನೆ.

ಹೊಸ ಕಾರ್ಬ್ಯುರೇಟರ್ ಕಟ್ಟಿಕೊಂಡು ನಾನು ನಮ್ಮೂರಿನ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು, ಎರಡು ಸ್ಟ್ರೋಕಿನ ಗಾಡಿಗಳನ್ನು ಬಿಟ್ಟು ಬೇರೆಯದನ್ನು ಮುಟ್ಟಲು ಮನಸ್ಸಿಲ್ಲದವರು. "ಅಣ್ಣ, ಇದಕ್ಕೆ ಯಾವ ಜೆಟ್ ಕೂರುತ್ತದೆ?" ಎಂದು ಕೇಳಿದೆ. ಅವರು ಉತ್ತರ ಕೊಡದೆ ಗಾಡಿಯನ್ನು ಹತ್ತು ನಿಮಿಷ ಓಡಿಸಿಕೊಂಡು ಬಂದು ಸ್ಟ್ಯಾಂಡ್ ಹಾಕಿದರು. ಆಕ್ಸಿಲರೇಟರ್ ಏರಿಸಿ ಬಿಟ್ಟರೆ ಎಂಜಿನ್ ಸದ್ದು ತಕ್ಷಣ ಇಳಿಯುತ್ತಿರಲಿಲ್ಲ. ಮೇಲೆಯೇ ನಿಂತು, ಯೋಚಿಸಿದಂತೆ ಮಾಡಿ, ಆಮೇಲೆ ಕೆಳಗೆ ಬರುತ್ತಿತ್ತು. "ಜೆಟ್ ಆಮೇಲೆ ನೋಡೋಣ ಸರ್. ಬಿಸಿಯಾದ ಮೇಲೆ ಐಡಲ್ ಯಾಕೆ ಮೇಲೇ ನಿಲ್ಲುತ್ತಿದೆ, ಅದನ್ನು ಮೊದಲು ನೋಡೋಣ" ಎಂದರು.

ಇಡೀ ಪ್ರಕರಣದಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಬಾಳುವ ಮಾತು ಇದು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಎಂಜಿನ್ನಿನ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್ ಕೇಸಿಗೆ ಹೋಗಿ ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಕ್ರ್ಯಾಂಕಿನ ಎರಡು ತುದಿಗಳ ಆಯಿಲ್ ಸೀಲ್, ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್, ಕಾರ್ಬ್ಯುರೇಟರ್ ಕೂರುವ ರಬ್ಬರ್, ಇವುಗಳಲ್ಲಿ ಎಲ್ಲಿ ಬಿರುಕಿದ್ದರೂ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಅದನ್ನು ದೊಡ್ಡ ಜೆಟ್ಟಿನಿಂದ ಮುಚ್ಚಿಹಾಕಲು ಹೊರಟರೆ ಒಂದು ವೇಗದಲ್ಲಿ ಸರಿಹೋದದ್ದು ಇನ್ನೊಂದು ವೇಗದಲ್ಲಿ ಕೈಕೊಡುತ್ತದೆ. ಮೆಕ್ಯಾನಿಕ್ ಅಣ್ಣ ಸೈಲೆನ್ಸರ್ ಬಿಚ್ಚಿ ಆ ಬಾಯಿಯನ್ನೂ ಕಾರ್ಬ್ಯುರೇಟರ್ ಕಡೆಯ ಬಾಯಿಯನ್ನೂ ರಬ್ಬರ್ ಒತ್ತಿ ಮುಚ್ಚಿದರು. ಸ್ಪಾರ್ಕ್ ಪ್ಲಗ್ ರಂಧ್ರದಿಂದ ಸೈಕಲ್ ಪಂಪಿನಲ್ಲಿ ಸ್ವಲ್ಪವೇ ಗಾಳಿ ಹಾಕಿ ಸೋಪಿನ ನೀರು ಬಳಿದರು. ಒತ್ತಡ ಆರು ಪಿಎಸ್‌ಐ ದಾಟಬಾರದು. ಜೋರು ಮಾಡಿದರೆ ಚೆನ್ನಾಗಿರುವ ಸೀಲ್ ಕೂಡ ಕಿತ್ತು ಬರುತ್ತದೆ. ಕಾರ್ಬ್ಯುರೇಟರ್ ರಬ್ಬರಿನ ಕೆಳಮೈಯಲ್ಲಿ ಗುಳ್ಳೆ ಎದ್ದವು. ಮ್ಯಾಗ್ನೆಟ್ ಬಿಚ್ಚಿ ನೋಡಿದಾಗ ಅದರ ಹಿಂದಿನ ಸೀಲ್ ಬಿರುಸಾಗಿ ಪ್ಲಾಸ್ಟಿಕ್ಕಿನ ಬಳೆಯಂತಾಗಿತ್ತು.

ರಬ್ಬರ್ 350 ರೂಪಾಯಿ. ಎರಡೂ ಕಡೆಯ ಸೀಲ್, ಗ್ಯಾಸ್ಕೆಟ್, ಕೂಲಿ ಸೇರಿ 1,800. ಒಳಗಿನ ಕಡೆಯ ಸೀಲ್ ತಲುಪಲು ಕ್ಲಚ್ ಬದಿಯ ಕವರ್ ಬಿಚ್ಚಬೇಕು, ಆದ್ದರಿಂದ ಅದನ್ನು ಬೇರೆ ದಿನಕ್ಕೆ ಎಂದು ಬಿಡಬೇಡಿ. ಇದಾದ ಮೇಲೆ ಐಡಲ್ ಪಟ್ಟನೆ ಇಳಿಯತೊಡಗಿತು.

ಮುಂದಿನದು ಫ್ಲೋಟ್, ಪೆಟ್ರೋಲಿನ ಮೇಲೆ ತೇಲುತ್ತಾ ಅದರ ಮಟ್ಟ ಕಾಯುವ ಭಾಗ. ಕಾರ್ಬ್ಯುರೇಟರ್ ಬಟ್ಟಲಿನಲ್ಲಿ ಪೆಟ್ರೋಲ್ ಎಷ್ಟು ಎತ್ತರ ನಿಲ್ಲುತ್ತದೆ ಎಂಬುದು ಪ್ರತಿಯೊಂದು ಜೆಟ್ಟಿನ ಮೇಲೂ ಪರಿಣಾಮ ಬೀರುತ್ತದೆ. ಮಟ್ಟ ಮೇಲಿದ್ದರೆ ಎಲ್ಲ ಕಡೆ ರಿಚ್, ಕೆಳಗಿದ್ದರೆ ಎಲ್ಲ ಕಡೆ ಲೀನ್. ಹೊಸ ಕಾರ್ಬ್ಯುರೇಟರ್ ಆದರೇನು, ಫ್ಲೋಟಿನ ತಗಡು ಒಂದು ಕಡೆ ಸೊಟ್ಟಗಿತ್ತು. ಅದನ್ನು ಸಮ ಮಾಡಿ, ಪೆಟ್ರೋಲ್ ತಡೆಯುವ ಸೂಜಿ ಸರಿಯಾಗಿ ಮುಚ್ಚುತ್ತದೆಯೇ ಎಂದು ಬಾಯಿಂದ ಊದಿ ನೋಡಿ ಕಟ್ಟಿದೆವು. ಹೊಸದೆಂದು ಯಾರೂ ಈ ಕೆಲಸ ಬಿಟ್ಟುಬಿಡಬಾರದು.

ಇನ್ನು ಜೆಟ್ಟಿನ ಬೇಟೆ. ಕಾರ್ಬ್ಯುರೇಟರ್ ಜೊತೆ ಬಂದಿದ್ದ ಮೇನ್ ಜೆಟ್ 140, ಪೈಲಟ್ 30. ಎರಡೂ ದೊಡ್ಡವೆಂದು ನೋಡಿದರೇ ಗೊತ್ತಾಗುತ್ತಿತ್ತು, ಹೇಗೂ ಮೇಲಿನಿಂದಲೇ ಇಳಿಯಬೇಕಾದ್ದರಿಂದ ಅದು ಒಳ್ಳೆಯದೇ. 115ರಿಂದ 140ರವರೆಗೆ ಒಂದು ಸಾಲು ಮೇನ್ ಜೆಟ್, 22.5ರಿಂದ 30ರವರೆಗೆ ಪೈಲಟ್ ಬೇಕಿತ್ತು. ಹಾಸನದಲ್ಲಿ ಬಿಡಿ ಜೆಟ್ ಸಿಗುವುದೇ ಅಪರೂಪ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ಹತ್ತು ಜೆಟ್‌ಗಳ ಪೊಟ್ಟಣವನ್ನು 400 ರೂಪಾಯಿಗೆ ಕೊಡುತ್ತೇನೆಂದ. ವಾರ ಕಾದೆ, ಇನ್ನೊಂದು ವಾರ ಕಾದೆ. ಬಂದ ಪೊಟ್ಟಣ ಬಿಚ್ಚಿದರೆ ಥ್ರೆಡ್ಡೇ ಬೇರೆ. ಒಂದೇ ಕಂಪನಿಯ ಜೆಟ್‌ಗಳಲ್ಲೂ ಆರು ಮೂಲೆಯ ದೊಡ್ಡ ತಲೆಯದು, ಗುಂಡಗಿನ ಸಣ್ಣದು ಎಂದು ಬಗೆಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ನಿಮ್ಮ ಜೆಟ್ಟನ್ನು ಬಿಚ್ಚಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಮಾರುವವರಿಗೆ ಕಳುಹಿಸಿ ಒಪ್ಪಿಗೆ ಪಡೆದ ಮೇಲೆ ಹಣ ಕೊಡಿ. ವಾಪಸ್ ಕಳುಹಿಸುವ ಕೊರಿಯರ್ ಖರ್ಚೇ ಜೆಟ್ಟಿನ ಬೆಲೆಯ ಹತ್ತಿರ ಬರುತ್ತದೆ.

ಕೊನೆಗೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯಲ್ಲಿ ಅಲೆದೆ. ಹಳೆಯ ಜೆಟ್ಟನ್ನು ಪೊಟ್ಟಣ ಕಟ್ಟಿ ಜೇಬಿನಲ್ಲಿ ಇಟ್ಟುಕೊಂಡಿದ್ದರಿಂದ ಮಾತು ಉಳಿಯಿತು; ಕೌಂಟರ್ ಮೇಲೆ ಇಟ್ಟರೆ ಅಂಗಡಿಯವರು ಒಂದು ನೋಟದಲ್ಲಿ ಗುರುತಿಸುತ್ತಿದ್ದರು. ಅಸಲಿ ಮಿಕುನಿ ಜೆಟ್ಟಿನ ಮೇಲೆ ಚೌಕದೊಳಗೊಂದು ಚೌಕದ ಗುರುತು ಇರುತ್ತದೆ. ನಾನು ಕೊಟ್ಟ ಬೆಲೆ ಒಂದಕ್ಕೆ 150ರಿಂದ 220 ರೂಪಾಯಿ. ನಕಲು 40ಕ್ಕೂ ಸಿಗುತ್ತದೆ. ಹೋಲಿಸಿ ನೋಡಲೆಂದೇ ಒಂದೆರಡು ನಕಲುಗಳನ್ನೂ ಕೊಂಡೆ.

ಮನೆಗೆ ಬಂದು ಮಾಡಿದ ಒಂದು ಪ್ರಯೋಗವನ್ನು ಎಲ್ಲರೂ ಮಾಡಲಿ ಎಂದು ಹೇಳುತ್ತೇನೆ. ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ಕಟ್ಟಿ, ಮುಚ್ಚಳಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ, ಕೊಳವೆಯ ತುದಿಗೆ ಜೆಟ್ ಕೂರಿಸಿದೆ. ಪ್ರತಿ ಸಲವೂ ಬಾಟಲಿಯ ಒಂದೇ ಗೆರೆಯವರೆಗೆ ನೀರು ತುಂಬಿ, ನೂರು ಮಿಲಿಲೀಟರ್ ಇಳಿಯಲು ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ನೋಡಿದೆ. ಅಸಲಿಗಳು ಸಂಖ್ಯೆಯ ಕ್ರಮದಲ್ಲೇ ನಿಂತವು. 120 ಎಂದು ಬರೆದಿದ್ದ ನಕಲು ಅಸಲಿ 130ಕ್ಕಿಂತ ಬೇಗ ನೀರು ಬಿಟ್ಟಿತು. ಇನ್ನೂ ತಮಾಷೆಯೆಂದರೆ ಗಾಡಿಯ ಹಳೆಯ ಕಾರ್ಬ್ಯುರೇಟರಿನಲ್ಲಿದ್ದ ಮೇನ್ ಜೆಟ್. ಅದರ ಮೇಲೆ 95 ಎಂದಿತ್ತು, ನೀರು ಇಳಿದ ವೇಗ ಮಾತ್ರ 120ರ ಸುತ್ತ. ಬೆಳಕಿಗೆ ಹಿಡಿದರೆ ರಂಧ್ರದ ಅಂಚು ಹರಿದಂತೆ ಒರಟಾಗಿತ್ತು. ಹಿಂದೆ ಯಾರೋ ತಂತಿಯನ್ನೋ ಸಣ್ಣ ಡ್ರಿಲ್ಲನ್ನೋ ತೂರಿಸಿ ಅಗಲ ಮಾಡಿದ್ದಾರೆ. ಆ ಗಾಡಿ ನೋಡಿಕೊಂಡು ಎಷ್ಟು ಜನ "95 ಸಾಕು" ಎಂದು ಇತರರಿಗೆ ಹೇಳಿರಬಹುದು!

ಇನ್ನೊಂದು ಎಚ್ಚರ: ಮಿಕುನಿಯ 120 ಮತ್ತು ಇನ್ನೊಂದು ಕಾರ್ಬ್ಯುರೇಟರ್ ಕಂಪನಿಯಾದ ಕೀಹಿನ್‌ನ 120 ಒಂದೇ ಅಲ್ಲ. ಕೀಹಿನ್ ಮೇನ್ ಜೆಟ್ಟಿನ ಸಂಖ್ಯೆ ರಂಧ್ರದ ವ್ಯಾಸ, ಮಿಲಿಮೀಟರಿನ ನೂರರ ಲೆಕ್ಕದಲ್ಲಿ. 120 ಎಂದರೆ 1.20 ಮಿಲಿಮೀಟರ್. ಮಿಕುನಿಯ ಆರು ಮೂಲೆಯ ಜೆಟ್ಟಿನ ಸಂಖ್ಯೆ ಹರಿವಿನ ಲೆಕ್ಕದ್ದು. ವ್ಯಾಸದ ಲೆಕ್ಕದಲ್ಲಿ 120ರಿಂದ 125ಕ್ಕೆ ಹೋದರೆ ರಂಧ್ರದ ವಿಸ್ತೀರ್ಣ ನೂರಕ್ಕೆ ಎಂಟಕ್ಕಿಂತ ಹೆಚ್ಚು ಬೆಳೆಯುತ್ತದೆ, ಹರಿವಿನ ಲೆಕ್ಕದಲ್ಲಿ ನಾಲ್ಕರಷ್ಟು ಮಾತ್ರ. ಗೆಳೆಯನ ಗಾಡಿಗೆ ಹೊಂದಿದ ಸಂಖ್ಯೆಯನ್ನು ಕೇಳುವ ಮೊದಲು ಅವನ ಕಾರ್ಬ್ಯುರೇಟರ್ ಯಾವುದೆಂದು ಕೇಳಿ.

ಈಗ ನಿಜವಾದ ಹೊಂದಾಣಿಕೆ. ಆಕ್ಸಿಲರೇಟರ್ ಎಷ್ಟು ತೆರೆದಿದೆ ಎಂಬುದರ ಮೇಲೆ ಕಾರ್ಬ್ಯುರೇಟರಿನ ಬೇರೆ ಬೇರೆ ಭಾಗ ಕೆಲಸ ಮಾಡುತ್ತದೆ. ಮುಚ್ಚಿದ್ದಾಗಿನಿಂದ ಎಂಟನೆಯ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ, ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕೆಳಗಿನ ಓರೆ ಕತ್ತರಿಕೆ, ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ನೀಡಲ್, ಕೊನೆಯ ಕಾಲು ಮೇನ್ ಜೆಟ್. ಹ್ಯಾಂಡಲಿನ ಮೇಲೆ ಬಿಳಿ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿಕೊಂಡೆ. ಗುರುತಿಲ್ಲದೆ ಓಡಿಸಿದರೆ ಅರ್ಧ ತೆರೆದಿದ್ದೇವೆಂದು ನಾವು ಅಂದುಕೊಳ್ಳುವುದು ಬಹುತೇಕ ಕಾಲು ಭಾಗವಾಗಿರುತ್ತದೆ.

ಎಲ್ಲಿಂದ ಶುರು ಮಾಡಬೇಕೆಂಬುದರಲ್ಲಿ ಮೆಕ್ಯಾನಿಕ್‌ಗಳಲ್ಲೇ ಎರಡು ಪಂಗಡ. ಮೇನ್ ಮೊದಲು ಎನ್ನುವವರು ಹಲವರು, ಪೈಲಟ್ ಮೊದಲು ಎನ್ನುವವರು ಕೆಲವರು. ಪೈಲಟ್ಟಿನ ಕಡೆಯಿಂದ ಮೇನ್ ಜೆಟ್ಟಿನ ಕಡೆಗೆ ಸ್ವಲ್ಪ ಪೆಟ್ರೋಲ್ ಸದಾ ಸೇರುತ್ತಿರುವುದರಿಂದ ನಾನು ಪೈಲಟ್ ಮೊದಲು ಮಾಡಿ, ಕೊನೆಯಲ್ಲಿ ಇನ್ನೊಮ್ಮೆ ಅದಕ್ಕೇ ಬಂದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಏರ್ ಸ್ಕ್ರೂವನ್ನು ನಿಧಾನವಾಗಿ ತಿರುಗಿಸುತ್ತಾ ಐಡಲ್ ಎಲ್ಲಿ ಅತಿ ಹೆಚ್ಚಾಗುತ್ತದೆ ಎಂದು ಕೇಳಬೇಕು. ಈ ಕಾರ್ಬ್ಯುರೇಟರಿನಲ್ಲಿ ಸ್ಕ್ರೂ ಹೊರಗೆ ಬಂದಷ್ಟೂ ಗಾಳಿ ಹೆಚ್ಚು, ಅಂದರೆ ಲೀನ್. ಒಂದು ಸುತ್ತಿನಿಂದ ಎರಡು ಸುತ್ತಿನ ನಡುವೆ ಒಳ್ಳೆಯ ಜಾಗ ಸಿಕ್ಕರೆ ಜೆಟ್ ಸರಿ. ಎರಡು ಸುತ್ತು ದಾಟಿದರೆ ಜೆಟ್ ದೊಡ್ಡದು, ಒಂದು ಸುತ್ತೂ ಬೇಡವೆಂದರೆ ಚಿಕ್ಕದು. 30ರಲ್ಲಿ ಸ್ಕ್ರೂ ಎರಡೂವರೆ ಸುತ್ತು ಬಿಚ್ಚಿದರೂ ಎಂಜಿನ್ ಇನ್ನೂ ಗಾಳಿ ಕೇಳುತ್ತಿತ್ತು. 25ರಲ್ಲಿ ಅರ್ಧ ಸುತ್ತಿಗೇ ನಿಂತಿತು, ಬೆಳಗಿನ ಚಳಿಯಲ್ಲಿ ಕಿಕ್ ಹೊಡೆದು ಹೊಡೆದು ಕಾಲು ನೋವು ಬಂತು. 27.5 ಹಾಕಿದ ಮೇಲೆ ಒಂದೂವರೆಗೆ ಬಂದು ಕೂತಿತು.

ಹೊಗೆ ತಪಾಸಣೆಯ ಮಾತನ್ನು ಇಲ್ಲೇ ಹೇಳಬೇಕು, ಏಕೆಂದರೆ ತಪಾಸಣಾ ಕೇಂದ್ರದಲ್ಲಿ ಅಳೆಯುವುದು ಐಡಲ್‌ನಲ್ಲೇ. ಮೇನ್ ಜೆಟ್ ಎಷ್ಟೇ ಇರಲಿ, ಯಂತ್ರಕ್ಕೆ ಕಾಣುವುದು ಪೈಲಟ್ ಜೆಟ್ ಮಾತ್ರ. 2000ದ ಮಾರ್ಚಿಗಿಂತ ಹಿಂದೆ ತಯಾರಾದ ದ್ವಿಚಕ್ರ ವಾಹನಕ್ಕೆ ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ 4.5, ಹೈಡ್ರೋಕಾರ್ಬನ್ 9000 ಪಿಪಿಎಂ ಮಿತಿ. ಪೈಲಟ್ 30 ಇದ್ದಾಗ ನನ್ನ ಗಾಡಿ ಅನುತ್ತೀರ್ಣ. 27.5 ಆದ ಮೇಲೆ, ಚೆನ್ನಾಗಿ ಬಿಸಿಯಾಗುವಂತೆ ಓಡಿಸಿಕೊಂಡು ನೇರವಾಗಿ ಕೇಂದ್ರಕ್ಕೆ ಹೋದಾಗ ಪಾಸಾಯಿತು. ತಣ್ಣಗಿನ ಎಂಜಿನ್ ಒಯ್ದು ಸಾಲಿನಲ್ಲಿ ನಿಂತರೆ ಸರಿಯಿದ್ದ ಗಾಡಿಯೂ ಸೋಲುತ್ತದೆ.

ದಾಖಲೆಯ ಇನ್ನೊಂದು ಮುಖ ಅಷ್ಟು ಸುಲಭದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. 182ಎ ಕಲಮಿನಲ್ಲಿ ಅಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡಕ್ಕೂ ಅವಕಾಶವಿದೆ. ಜೆಟ್ಟನ್ನು ಯಾರೂ ಬಿಚ್ಚಿ ನೋಡುವುದಿಲ್ಲ, ಸೈಲೆನ್ಸರಿನ ಸದ್ದು ಮಾತ್ರ ಎರಡು ಬೀದಿ ಆಚೆಗೆ ಕೇಳುತ್ತದೆ. ವಶಪಡಿಸಿಕೊಂಡ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೀವೂ ನೋಡಿರುತ್ತೀರಿ. ನಾನು ಚೇಂಬರಿನ ಬಾಲಕ್ಕೆ ಗ್ಲಾಸ್‌ವೂಲ್ ತುಂಬಿದ ಉದ್ದನೆಯ ಸೈಲೆನ್ಸರ್ ಕಟ್ಟಿಸಿದೆ. ಅಪಾಯ ಕಡಿಮೆಯಾಯಿತೇ ಹೊರತು ಕಾನೂನು ಬದಲಾಗಲಿಲ್ಲ. ಜೊತೆಗೆ, ಬಾಲ ಬದಲಾದ ಮೇಲೆ ಮೇನ್ ಜೆಟ್ಟನ್ನು ಮತ್ತೆ ನೋಡಬೇಕಾಯಿತು. ಆದ್ದರಿಂದ ಸೈಲೆನ್ಸರ್ ಕೆಲಸವೆಲ್ಲ ಮುಗಿಸಿಯೇ ಜೆಟ್ಟಿಗೆ ಕೈಹಾಕಿ.

ಮೇನ್ ಜೆಟ್ ನೋಡಲು ಊರ ಹೊರಗೆ ಸ್ವಲ್ಪ ಏರು ಇರುವ, ನೇರವಾದ, ಬೆಳಗಿನ ಹೊತ್ತು ವಾಹನವೇ ಇಲ್ಲದ ಒಂದು ರಸ್ತೆ ಹುಡುಕಿಕೊಂಡೆ. ಏರು ಇದ್ದರೆ ಎಂಜಿನ್ ಮೇಲೆ ಭಾರ ಬೀಳುತ್ತದೆ, ವೇಗವೂ ಮಿತಿಯಲ್ಲಿರುತ್ತದೆ. ಮೂರನೆಯ ಗೇರಿನಲ್ಲಿ ಪೂರ್ತಿ ತೆರೆದು ಏರಿ, ಮೇಲೆ ತಲುಪುವಾಗ ಕ್ಲಚ್ ಹಿಡಿದು ಇಗ್ನಿಷನ್ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಬೇಕು. ಎಂಜಿನ್ ಐಡಲ್‌ನಲ್ಲಿ ಓಡಿಸಿಕೊಂಡು ಮನೆಗೆ ಬಂದು ಪ್ಲಗ್ ನೋಡಿದರೆ ಕಾಣುವುದು ಪೈಲಟ್ಟಿನ ಬಣ್ಣವೇ. ಪ್ಲಗ್ ಹೊಸದಾಗಿರಬೇಕು, ಹಳೆಯದರ ಮಸಿಯ ಮೇಲೆ ಯಾವ ಓದೂ ನಡೆಯುವುದಿಲ್ಲ. ಬಿಳಿ ಪಿಂಗಾಣಿಯ ತುದಿಯನ್ನು ಬಿಟ್ಟು ಆಳದಲ್ಲಿ, ಅದು ಲೋಹದೊಳಗೆ ಇಳಿಯುವ ಜಾಗದ ಉಂಗುರವನ್ನು ನೋಡಿ ಎಂದು ಅಣ್ಣ ತೋರಿಸಿಕೊಟ್ಟರು. ಸಣ್ಣ ಭೂತಗನ್ನಡಿ ಇಲ್ಲದಿದ್ದರೆ ನನ್ನ ಕಣ್ಣಿಗೆ ಅದು ಕಾಣುತ್ತಿರಲಿಲ್ಲ.

140ರಲ್ಲಿ ಎಂಜಿನ್ ಮೇಲಿನ ವೇಗಕ್ಕೆ ಹೋಗಲೇ ಇಲ್ಲ. ಬಡಬಡ ಎಂದು ಒಂದು ಬಿಟ್ಟು ಒಂದು ಸಲ ಉರಿಯುವ ಸದ್ದು. ಆ ಸದ್ದಿನಿಂದ ಯಾರೂ ಹೆದರಬೇಕಿಲ್ಲ, ಅದು ಹೊಟ್ಟೆ ತುಂಬಿದ ಎಂಜಿನ್. 135ರಲ್ಲಿ ತಡವಾಗಿ ಬಿಡಿಸಿಕೊಂಡಿತು. 130ರಲ್ಲಿ ಚೇಂಬರ್ ಕೆಲಸ ಶುರು ಮಾಡುವ ಹಂತ, ಅದೇ ಆ 'ಕಿಕ್', ಮೊದಲ ಬಾರಿಗೆ ಗೊತ್ತಾಯಿತು. 125ರಲ್ಲಿ ಚೊಕ್ಕವಾಗಿ ಎಳೆಯಿತು, ಉಂಗುರ ತಿಳಿ ಕಂದು. ಅಲ್ಲಿಗೆ ನಿಲ್ಲಿಸಬಹುದಿತ್ತು. ಗಡಿ ಎಲ್ಲಿದೆ ಎಂದು ತಿಳಿಯಲೇಬೇಕೆಂದು 120 ಹಾಕಿ ಒಂದೇ ಒಂದು ಓಟ ಓಡಿದೆ, ಬೆರಳುಗಳನ್ನು ಕ್ಲಚ್ ಮೇಲಿಂದ ತೆಗೆಯದೆ. ಗಾಡಿ ಇನ್ನೂ ಹುರುಪಿನಿಂದ ಏರಿತು. ಸದ್ದು ಮಾತ್ರ ತೆಳುವಾಗಿ, ಲೋಹ ತಟ್ಟಿದ ಹಾಗೆ ಕಿಣಿಕಿಣಿ ಬೆರೆತು ಕೇಳಿಸಿತು. ಆಕ್ಸಿಲರೇಟರ್ ಪೂರ್ತಿ ತೆರೆದಿರುವಾಗಲೇ ಚೋಕ್ ಸ್ವಲ್ಪ ಎತ್ತಿದೆ, ಎತ್ತಿದರೆ ಪೆಟ್ರೋಲ್ ಹೆಚ್ಚು ಹೋಗುತ್ತದೆ. ಎಳೆತ ಕುಗ್ಗುವ ಬದಲು ಹೆಚ್ಚಾಯಿತು. ಅಂದರೆ ಎಂಜಿನ್ ಪೆಟ್ರೋಲಿಗಾಗಿ ಹಸಿದಿತ್ತು. ಈ ಚೋಕ್ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ, ಪ್ಲಗ್ ಓದಲು ಬರದವರಿಗೂ ಸುಳ್ಳು ಹೇಳುವುದಿಲ್ಲ. ಕೂಡಲೇ ನಿಲ್ಲಿಸಿ 125 ಮತ್ತೆ ಕೂರಿಸಿದೆ.

ಮಧ್ಯದಲ್ಲಿ, ಅರ್ಧ ತೆರೆದು ಸಮನಾಗಿ ಹೋಗುವಾಗ, ಗಾಡಿ ಸ್ವಲ್ಪ ಒಣಗಿದಂತೆ ಇತ್ತು. ಕ್ಲಿಪ್ಪನ್ನು ಮೂರನೆಯ ಕಚ್ಚಿನಿಂದ ನಾಲ್ಕನೆಯದಕ್ಕೆ ಇಳಿಸಿದೆ. ಕ್ಲಿಪ್ ಇಳಿದರೆ ನೀಡಲ್ ಏರುತ್ತದೆ, ಪೆಟ್ರೋಲ್ ಹೆಚ್ಚು ಬರುತ್ತದೆ. ಇದನ್ನು ತಿರುಗಾಮುರುಗಾ ನೆನಪಿಟ್ಟುಕೊಂಡವರು ಬಹಳ ಜನ. ದಿನನಿತ್ಯದ ಓಡಾಟವೆಲ್ಲ ನಡೆಯುವುದು ಈ ಕಾಲು-ಮುಕ್ಕಾಲಿನ ನಡುವೆಯೇ, ಆದರೂ ಎಲ್ಲರೂ ಮೇನ್ ಜೆಟ್ಟಿನ ಬಗ್ಗೆಯೇ ವಾದಿಸುತ್ತಾರೆ.

ಹಳೆಯ ತಲೆಮಾರಿನ ಟ್ಯೂನರ್‌ಗಳ ಸಂಖ್ಯೆಗಳು ನನ್ನದಕ್ಕಿಂತ ಒಂದು ಮೆಟ್ಟಿಲು ಚಿಕ್ಕವಾಗಿರುವುದನ್ನು ನೀವು ಗಮನಿಸಬಹುದು. ಅದಕ್ಕೊಂದು ಕಾರಣ ಬಂಕಿನಲ್ಲೇ ಇದೆ. ಶುದ್ಧ ಪೆಟ್ರೋಲ್ ಉರಿಯಲು ತೂಕದ ಲೆಕ್ಕದಲ್ಲಿ ಒಂದಕ್ಕೆ 14.7 ಭಾಗ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಈಗ ಸಿಗುವ ನೂರಕ್ಕೆ 20 ಎಥನಾಲ್ ಬೆರೆತ ಪೆಟ್ರೋಲಿಗೆ ಇದು ಸುಮಾರು 13.5. ಅದೇ ಗಾಳಿಗೆ ಇಂಧನ ಹೆಚ್ಚು ಬೇಕು. ಜೆಟ್ ಬದಲಿಸದಿದ್ದರೆ ಗಾಡಿ ತಾನಾಗಿಯೇ ಲೀನ್ ಆಗುತ್ತದೆ. ಎಥನಾಲ್ ನೀರು ಹೀರುವುದರಿಂದ ವಾರಗಟ್ಟಲೆ ನಿಲ್ಲಿಸುವ ಗಾಡಿಯ ಬಟ್ಟಲು ಖಾಲಿ ಮಾಡಿಡುವುದು ಒಳ್ಳೆಯದು. ಎಣ್ಣೆಯ ವಿಚಾರದಲ್ಲೂ ಒಂದು ವಿಪರ್ಯಾಸವಿದೆ: ಎಂಜಿನ್ನಿಗೆ ಎಣ್ಣೆ ಕೊಡುವ ಪಂಪ್ ಕಿತ್ತುಹಾಕಿ ಟ್ಯಾಂಕಿಗೇ 2ಟಿ (ಎರಡು ಸ್ಟ್ರೋಕಿನ ಗಾಡಿಯ) ಎಣ್ಣೆ ಬೆರೆಸುವವರು ಸುರಕ್ಷತೆಗೆಂದು ಎಣ್ಣೆ ಹೆಚ್ಚಿಸಿದರೆ, ಜೆಟ್ಟಿನಲ್ಲಿ ಹೋಗುವ ಪೆಟ್ರೋಲಿನ ಪಾಲು ಅಷ್ಟು ಕಡಿಮೆಯಾಗುತ್ತದೆ. ನಾನು ಪಂಪನ್ನು ಮುಟ್ಟಲಿಲ್ಲ.

ಎಲ್ಲ ಮುಗಿಯಿತು ಎನ್ನುವಾಗ ಮಂಗಳೂರಿಗೆ ಹೋಗುವ ಕೆಲಸ ಬಂತು. ಹಾಸನ ಇರುವುದು ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ತುಸು ಕಡಿಮೆ ಎತ್ತರದಲ್ಲಿ, ಬೆಂಗಳೂರಿನದೂ ಹೆಚ್ಚುಕಡಿಮೆ ಅದೇ. ಕರಾವಳಿಗೆ ಇಳಿದರೆ ಗಾಳಿಯ ಸಾಂದ್ರತೆ ನೂರಕ್ಕೆ ಸುಮಾರು ಹತ್ತರಷ್ಟು ಏರುತ್ತದೆ. ಹೆಚ್ಚಿದ ಗಾಳಿ ಪೆಟ್ರೋಲನ್ನೂ ಹೆಚ್ಚು ಎಳೆಯುವುದರಿಂದ ಅರ್ಧದಷ್ಟು ತಾನೇ ಸರಿದೂಗುತ್ತದೆ, ಕರಾವಳಿಯ ಸೆಕೆಯೂ ಗಾಳಿಯನ್ನು ಕೊಂಚ ತೆಳುವಾಗಿಸುತ್ತದೆ. ಉಳಿದ ಅರ್ಧ ನಮ್ಮ ಪಾಲಿಗೆ. 130 ಮತ್ತು 135 ಜೆಟ್, ಒಂದು ಪ್ಲಗ್, ಸ್ಕ್ರೂಡ್ರೈವರ್, ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಸಕಲೇಶಪುರ ದಾಟಿ ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಎರಡು ಸ್ಟ್ರೋಕಿನ ಗಾಡಿಯವರು ಒಂದು ಅಭ್ಯಾಸ ಮಾಡಿಕೊಳ್ಳಬೇಕು. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಹಳ ಹೊತ್ತು ಇಳಿದರೆ ಎಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಒಳಗೆ ಹೋಗುವ ಪೆಟ್ರೋಲ್ ಮತ್ತು ಎಣ್ಣೆ ಮಾತ್ರ ಅತ್ಯಲ್ಪ. ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ಆಕ್ಸಿಲರೇಟರ್ ಕೊಡಿ. ಗುಂಡ್ಯದವರೆಗೆ ಹಾಗೆಯೇ ಇಳಿದೆ. ಕೆಳಗೆ ನೆಲ್ಯಾಡಿ ಕಡೆಯ ಸಮತಟ್ಟಿನಲ್ಲಿ ಸ್ವಲ್ಪ ಜೋರಾಗಿ ಬಿಟ್ಟಾಗ 120ರಲ್ಲಿ ಕೇಳಿದ ಅದೇ ಕಿಣಿಕಿಣಿ ಶುರುವಾಯಿತು. ಚೋಕ್ ಎತ್ತಿ ನೋಡಿದೆ, ಎಳೆತ ಹೆಚ್ಚಾಯಿತು. ವೇಗ ಇಳಿಸಿಕೊಂಡು ಉಪ್ಪಿನಂಗಡಿಯ ಒಂದು ಹೋಟೆಲಿನ ಮುಂದೆ ನಿಲ್ಲಿಸಿ, ಎಂಜಿನ್ ತಣಿಯುವವರೆಗೆ ಚಹಾ ಕುಡಿದು, ಬಟ್ಟಲಿನ ತಳದ ತಿರುಪು ಬಿಚ್ಚಿ 130 ಕೂರಿಸಿದೆ. ಹೋಟೆಲಿನ ಯಜಮಾನರು ಬಂದು, "ಎಂಥ ಆಯಿತು ಮಾರಾಯರೇ, ಕಚರ ಸಿಕ್ಕಿತಾ?" ಎಂದು ವಿಚಾರಿಸಿದರು. ಘಾಟಿ ಇಳಿದದ್ದಕ್ಕೆ ಜೆಟ್ ಬದಲಿಸುತ್ತಿದ್ದೇನೆ ಎಂದದ್ದಕ್ಕೆ ಅವರು ನಂಬಿದ ಹಾಗೆ ಕಾಣಲಿಲ್ಲ. ಮಂಗಳೂರಿನಲ್ಲಿ ಇದ್ದಷ್ಟು ದಿನ 130, ಏರ್ ಸ್ಕ್ರೂ ಕಾಲು ಸುತ್ತು ಒಳಗೆ. ಹಿಂದಿರುಗುವಾಗ ಬದಲಿಸದೆ ಹತ್ತಿದೆ. ಮೇಲೆ ಬಂದ ಹಾಗೆ ರಿಚ್ ಆಗುವುದರಿಂದ ಅಪಾಯವಿಲ್ಲ, ಪೆಟ್ರೋಲ್ ಸ್ವಲ್ಪ ಹೆಚ್ಚು ಕುಡಿಯಿತು ಅಷ್ಟೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಕಾರ್ಬ್ಯುರೇಟರ್ 4,500, ಸೀಲ್-ರಬ್ಬರ್ ಕೆಲಸ 2,150, ಬಳಸಿದ್ದು ಬಳಸದ್ದು ಎಲ್ಲ ಸೇರಿ ಜೆಟ್‌ಗಳು 2,300, ಥ್ರೆಡ್ ತಪ್ಪಿದ ಪೊಟ್ಟಣದ 400 ನೀರಿಗೆ, ಪ್ಲಗ್‌ಗಳು 500ರ ಹತ್ತಿರ. ಸೈಲೆನ್ಸರಿನ ಬಾಲಕ್ಕೆ 1,600. ಓಡಾಡಿ ಸುಟ್ಟ ಪೆಟ್ರೋಲನ್ನು ಬರೆದಿಡಲಿಲ್ಲ, ಮನೆಯಲ್ಲಿ ಯಾರಾದರೂ ಕೇಳಿದರೆ ಉತ್ತರ ಇರಬಾರದೆಂದು. ಇದೆಲ್ಲ ಹಾಸನದ ದರ, ಬೆಂಗಳೂರಿನಲ್ಲಿ ಕೂಲಿ ಇದಕ್ಕಿಂತ ಹೆಚ್ಚು. ಬೋರ್ ಕೊರೆಸಿ ಹೊಸ ಪಿಸ್ಟನ್ ಹಾಕಿಸುವ ಪ್ರಮೇಯ ಬರಲಿಲ್ಲ.

ಸಣ್ಣ ಪುಸ್ತಕವೊಂದನ್ನು ಟೂಲ್ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ತಾರೀಕು, ಹೊತ್ತು, ಹವೆ, ಜೆಟ್, ಕ್ಲಿಪ್, ಸ್ಕ್ರೂ, ಪ್ಲಗ್‌ನ ಬಣ್ಣ, ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಏನಾಯಿತೆಂದು ಕೊನೆಗೂ ತಿಳಿಯುವುದಿಲ್ಲ. ಡಿಸೆಂಬರಿನ ಬೆಳಗಿನ ತಣ್ಣನೆಯ ದಟ್ಟ ಗಾಳಿಗೆ 125 ಸಾಕಾಗುತ್ತದೆಯೋ 130 ಬೇಕಾಗುತ್ತದೆಯೋ ಅದರಲ್ಲೇ ಬರೆಯಬೇಕು. ಇನ್ನು ಕಾಲು ಭಾಗ ತೆರೆಯುವ ಹೊತ್ತಿಗೆ ಸರಿಯಾಗಿ ಒಂದು ಸಣ್ಣ ಮುಗ್ಗರಿಕೆ ಉಳಿದುಕೊಂಡಿದೆ. ಅದು ಜೆಟ್ಟಿನದಲ್ಲ, ಸ್ಲೈಡಿನ ಕತ್ತರಿಕೆಯದು. ಬೇರೆ ಅಳತೆಯ ಸ್ಲೈಡಿಗೆ ಕೇಳುವ ಬೆಲೆಯಲ್ಲಿ ಅರ್ಧ ಕಾರ್ಬ್ಯುರೇಟರ್ ಬರುತ್ತದೆ. ಕಾಲು ಭಾಗದಲ್ಲಿ ಬೇಗ ದಾಟಿಬಿಡುವುದನ್ನು ಕೈ ಆಗಲೇ ಕಲಿತಿರುವುದರಿಂದ ಸದ್ಯಕ್ಕೆ ಅದನ್ನು ಕೊಳ್ಳುತ್ತಿಲ್ಲ.